ಫ್ಯಾನಿಗೆ ಬೈಯುವ ಮಾವ

ನನ್ನ ಸೋದರಮಾವ ತಮ್ಮ ಹೋಟೆಲಿನ ಕೆಲಸಗಾರರಿಗೆ ಒಂದು ದಿನವೂ ಬೈದವರಲ್ಲ. ಆಹಾ, ಎಂಥ ಧಣಿ ಎಂದು ಕೈ ಮುಗಿಯಬೇಡಿ. ಬೈಯುತ್ತಿದ್ದರು, ಧಾರಾಳವಾಗಿಯೇ ಬೈಯುತ್ತಿದ್ದರು. ಆದರೆ ಆ ಬೈಗುಳವೆಲ್ಲ ಗಲ್ಲಾದ ಮೇಲೆ ತಿರುಗುವ ಸೀಲಿಂಗ್ ಫ್ಯಾನಿಗೆ!

ಮಾವನಿಗೆ ಮಾತು ಬರುವುದಿಲ್ಲ ಎಂದುಕೊಂಡೀರಿ. ಮುಂಬಯಿಯ ಗ್ರಾಂಟ್ ರೋಡಿನ ಅವರ ಹೋಟೆಲಿಗೆ ಒಂದು ಚಹಾ ಕುಡಿಯಲು ಹೊಕ್ಕವರು ಮೂರು ಚಹಾದಷ್ಟು ಮಾತು ಕೇಳಿಕೊಂಡೇ ಹೊರಬರಬೇಕು. ಮಾತು ನಿಲ್ಲುತ್ತಿದ್ದುದು ತಮ್ಮ ಕೈಕೆಳಗೆ ದುಡಿಯುವವರ ಮುಂದೆ ಮಾತ್ರ. ಅಡುಗೆಮನೆಯಿಂದ ಯಾರಾದರೂ ಎದುರಿಗೆ ಬಂದು ನಿಂತರೆ ಸಾಕು, ಮಾವನ ಕಣ್ಣು ತಾನಾಗಿ ಮೇಲಕ್ಕೆ ಹೋಗುತ್ತಿತ್ತು.

ಒಮ್ಮೆ ಸಾಂಬಾರಿಗೆ ಉಪ್ಪು ಜಾಸ್ತಿಯಾಯಿತು. ಮಾವ ಫ್ಯಾನ್ ನೋಡಿ ಗುಡುಗಿದರು. "ಎಂಥದು ನಿನ್ನದು? ಇಡೀ ಅರಬ್ಬೀ ಸಮುದ್ರ ತಂದು ಸುರಿದಿದ್ದೀಯಾ? ಉಪ್ಪೋ ಉಪ್ಪು!" ಒಳಗಿದ್ದ ಅಡುಗೆಯ ಶೀನಣ್ಣನಿಗೆ ಅರ್ಥವಾಯಿತು, ಸಾಂಬಾರಿಗೆ ನೀರು ಬಿತ್ತು. ಆದರೆ ವಿಜಯಪುರದ ಕಡೆಯಿಂದ ಆಗಷ್ಟೇ ಬಂದು ಕೆಲಸಕ್ಕೆ ಸೇರಿದ್ದ ಮಲ್ಲಪ್ಪನಿಗೆ ಈ ಭಾಷೆ ಹೇಗೆ ಗೊತ್ತಿರಬೇಕು? ಪಾಪ, ಫ್ಯಾನ್ ನಿಲ್ಲಿಸಿ, ಸ್ಟೂಲ್ ಹಾಕಿಕೊಂಡು ಹತ್ತಿ, ಮೂರೂ ರೆಕ್ಕೆಗಳನ್ನು ಫಳಫಳ ಒರೆಸಿ ಇಳಿದ. "ಒರೆಸೇನ್ರೀ ಸಾವ್ಕಾರ್ರ. ಉಪ್ಪೇನೂ ಇದ್ದಿದ್ದಿಲ್ರಿ, ಬರೇ ಜಿಡ್ಡು!" ಎಂದ. ಮಾವ ಅವನಿಗೂ ಏನೂ ಹೇಳಲಿಲ್ಲ. ಫ್ಯಾನ್ ನಿಂತಿದ್ದರಿಂದ ಬೈಯುವುದಕ್ಕೂ ಮನಸ್ಸಾಗಲಿಲ್ಲವೇನೋ!

ಈಗ ನನ್ನ ಕೆಲಸದ ವಿಷಯ ಹೇಳಬೇಕು. ಅಂಧೇರಿಯ ಒಂದು ಆಫೀಸಿನಲ್ಲಿ, ಮ್ಯಾನೇಜರುಗಳು ತಮ್ಮ ತಂಡದವರ ಜತೆ ಹೇಗೆ ಮಾತಾಡಬೇಕು ಎಂದು ಕಲಿಸುವವಳು ನಾನು. ಹೌದು, ಅದಕ್ಕೂ ಒಂದು ಕೆಲಸವಿದೆ, ನಗಬೇಡಿ! ಸೂಟು ಬೂಟಿನ ಗಂಡಸರನ್ನು ಎದುರುಬದುರು ಕೂರಿಸಿ "ಕಣ್ಣು ನೋಡಿ ಮಾತಾಡಿ, ಹೆಸರು ಹಿಡಿದು ಕರೆಯಿರಿ, ಒಳ್ಳೆಯದನ್ನು ಮೊದಲು ಹೇಳಿ" ಎಂದು ಪಾಠ ಮಾಡುತ್ತೇನೆ. ಇಂಥವಳ ಸೋದರಮಾವ ಫ್ಯಾನಿನ ಜತೆ ಮಾತಾಡುವುದೆಂದರೆ ನನ್ನ ಮರ್ಯಾದೆ ಏನಾಗಬೇಕು? ಒಂದು ದಿನ ಅವರನ್ನೂ ಹಿಡಿದು ಕೂರಿಸಿ ಪಾಠ ಮಾಡಿಯೇಬಿಟ್ಟೆ. ಮಾವ ವಿಧೇಯ ವಿದ್ಯಾರ್ಥಿಯಂತೆ ಕೇಳಿದರು.

ಮರುದಿನ ಬೆಳಿಗ್ಗೆ ನೇರ ಅಡುಗೆಮನೆಗೆ ಹೋಗಿ ಶೀನಣ್ಣನ ಎದುರು ನಿಂತು, ಕಣ್ಣಲ್ಲಿ ಕಣ್ಣಿಟ್ಟು, ರೆಪ್ಪೆ ಮಿಟುಕಿಸದೆ ನೋಡಿದರಂತೆ. ಶೀನಣ್ಣ ಸೌಟು ಕೆಳಗಿಟ್ಟರು.

"ಎಂಥ ಆಯ್ತು ಧಣಿ? ಊರಲ್ಲಿ ಯಾರಾದ್ರೂ ತೀರಿಕೊಂಡ್ರಾ?"

"ಇಲ್ಲ ಶೀನಣ್ಣ. ಅದು... ದೋಸೆ..."

"ದೋಸೆ?"

"ಉಂಟಲ್ಲ?"

"ಉಂಟು ಧಣಿ."

"ಹಾಗಾದ್ರೆ ಸರಿ," ಎಂದು ಮಾವ ಬೆವರು ಒರೆಸಿಕೊಳ್ಳುತ್ತ ಗಲ್ಲಾಕ್ಕೆ ವಾಪಸು!

ನಾನು ಸೋಲೊಪ್ಪಲಿಲ್ಲ. ಒಬ್ಬರ ಎದುರು ಆಗದಿದ್ದರೆ ಎಲ್ಲರ ಎದುರು ಆದೀತು ಎಂದು ಮಧ್ಯಾಹ್ನದ ಗಿರಾಕಿಗಳು ಕರಗಿದ ಮೇಲೆ ಒಂದು ಮೀಟಿಂಗ್ ಮಾಡಿಸಿದೆ. ಎಲ್ಲರೂ ಸಾಲಾಗಿ ನಿಂತರು. ಮಾವ ಗಂಟಲು ಸರಿಮಾಡಿಕೊಂಡರು, ಅಂಗಿಯ ಗುಂಡಿ ಸರಿಮಾಡಿಕೊಂಡರು, ಟೇಬಲ್ಲಿನ ಮೇಲಿದ್ದ ಸಕ್ಕರೆ ಡಬ್ಬಿಯನ್ನೂ ಸರಿಮಾಡಿದರು. ಕೊನೆಗೆ, "ಎಲ್ಲರದ್ದೂ ಊಟ ಆಯ್ತಾ?" ಎಂದರು. "ಆಯ್ತು," ಎಂದಿತು ಸಾಲು. "ಮತ್ತೆಂಥ? ಹೋಗಿ, ಸ್ವಲ್ಪ ಮಲಗಿ." ಮೀಟಿಂಗ್ ಮುಗಿಯಿತು! ಮಲ್ಲಪ್ಪ ಮಾತ್ರ ನನ್ನ ಹತ್ತಿರ ಬಂದು, "ಮೀಟಿಂಗ್ ಭಾಳ ಚಲೋ ಆತ್ರಿ ಅಕ್ಕಾರ, ದಿನಾ ಇಡಸ್ರಿ," ಎಂದ.

ಇಷ್ಟೇ ಆಗಿದ್ದರೆ ನಗುತ್ತ ಇದ್ದುಬಿಡಬಹುದಿತ್ತು. ತೊಂದರೆ ಏನೆಂದರೆ, ಮಾವನ ಬೈಗುಳಕ್ಕೆ ಫ್ಯಾನಾದರೂ ಇತ್ತು, ಮೆಚ್ಚುಗೆಗೆ ಅದೂ ಇರಲಿಲ್ಲ. ಶೀನಣ್ಣ ಹೋಟೆಲಿನ ಬಾಗಿಲು ತೆರೆದ ದಿನದಿಂದ ಒಲೆಯ ಮುಂದೆ ನಿಂತ ಮನುಷ್ಯ. ಅವರ ನೀರುದೋಸೆಯೆಂದರೆ ಮಾವನಿಗೆ ಪ್ರಾಣ. ಆದರೆ ಅದನ್ನು ಹೇಳುತ್ತಿದ್ದುದು ಯಾರಿಗೆ? ನನಗೆ, ನನ್ನ ಅಮ್ಮನಿಗೆ, ಕ್ಷೌರದವನಿಗೆ, ಮನೆಗೆ ಹೋಗುವಾಗ ಬೊರಿವಲಿ ಲೋಕಲ್ ರೈಲಿನಲ್ಲಿ ಪಕ್ಕಕ್ಕೆ ಸಿಕ್ಕಿಬಿದ್ದ ಗುಜರಾತಿಯವನಿಗೆ! "ಮೇರಾ ಶೀನಣ್ಣ ಹೈ ನಾ, ಉಸ್ಕಾ ಹಾಥ್ ಸೋನೇ ಕಾ ಹೈ." ಶೀನಣ್ಣನದು ಚಿನ್ನದ ಕೈ ಎಂದು ರೈಲಿನ ಅರ್ಧ ಡಬ್ಬಿಗೆ ಗೊತ್ತಿದ್ದ ಈ ಸಂಗತಿ ಗೊತ್ತಿಲ್ಲದವರು ಇಡೀ ಮುಂಬಯಿಯಲ್ಲಿ ಒಬ್ಬರೇ. ಅವರು ಶೀನಣ್ಣ.

ಕಳೆದ ವರ್ಷ ಶೀನಣ್ಣನಿಗೆ ಅಂಧೇರಿಯ ಹೊಸ ಹೋಟೆಲೊಂದರಿಂದ ಕರೆ ಬಂತು. ಅವರು ಹೋಗುತ್ತೇನೆ ಎನ್ನಲಿಲ್ಲ. ಕೈ ಒರೆಸಿಕೊಂಡು ಗಲ್ಲಾದ ಹತ್ತಿರ ಬಂದು ಕೇಳಿದರು. ನಾನು ಅಲ್ಲೇ ಕುಳಿತು ಕಾಫಿ ಕುಡಿಯುತ್ತಿದ್ದೆ.

"ಧಣಿ, ಅಂಧೇರಿಯವರು ಬಾ ಅಂತಿದ್ದಾರೆ. ಎಂಥ ಮಾಡ್ಲಿ?"

ಮಾವನ ಮುಖ ಬಿಳಿಚಿಕೊಂಡಿತು. ತುಟಿ ಅಲುಗಿತು. ಇವತ್ತಾದರೂ ಮೇಲೆ ನೋಡದಿರಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ನೋಡಲಿಲ್ಲ! ಶೀನಣ್ಣನ ಮುಖವನ್ನೇ ನೋಡಿದರು. ನೋಡಿ, "ನಿಮ್ಮಿಷ್ಟ," ಎಂದರು.

ಶೀನಣ್ಣ ಸ್ವಲ್ಪ ಹೊತ್ತು ನಿಂತೇ ಇದ್ದರು. ಇನ್ನೊಂದು ಮಾತು ಬರಬಹುದೆಂದು ಕಾದಂತಿತ್ತು. ಬರಲಿಲ್ಲ. "ಆಯ್ತು ಧಣಿ," ಎಂದು ಒಳಗೆ ಹೋದರು. ತಿಂಗಳ ಕೊನೆಗೆ ಹೊರಟೂ ಹೋದರು.

ಆಮೇಲೆ ಮಾವನನ್ನು ನೋಡಲಾಗುತ್ತಿರಲಿಲ್ಲ. ಹೊಸ ಅಡುಗೆಯವರು ಬಂದರು, ಹೋದರು. ಉಪ್ಪು ಹೆಚ್ಚಾಯಿತು, ಕಡಿಮೆಯಾಯಿತು. ಮಾವ ಫ್ಯಾನಿಗೂ ಏನೂ ಹೇಳಲಿಲ್ಲ. ಗಿರಾಕಿಗಳ ಜತೆಗಿನ ಹರಟೆಯೂ ಬತ್ತಿತು. ಒಂದು ದಿನ ನನ್ನೆದುರೇ ಶೀನಣ್ಣನಿಗೆ ಫೋನ್ ಹಚ್ಚಿದರು. "ವಾಪಸ್ ಬನ್ನಿ ಅಂತ ಹೇಳಿ ಮಾವ," ಎಂದು ನಾನು ಪಿಸುಗುಟ್ಟಿದೆ. ಆಗಲಿ ಎಂದು ತಲೆಯಾಡಿಸಿದರು.

"ಶೀನಣ್ಣ, ಅಂಧೇರಿಯಲ್ಲಿ ಸೆಕೆಯಾ?"

"ಅಲ್ಲಿಯ ಹಾಗೇ ಧಣಿ."

"ಹಾಂ. ಇಲ್ಲಿಯೂ ಸೆಕೆ."

ಫೋನ್ ಇಟ್ಟರು. ನನಗೆ ನಗುವೂ ಬಂತು, ಅಳುವೂ ಬಂತು.

ಕೊನೆಗೆ ಹೋಟೆಲಿಗೆ ರಜೆಯಿದ್ದ ಒಂದು ಮಧ್ಯಾಹ್ನ ನಾನೇ ಅವರನ್ನು ಅಂಧೇರಿಗೆ ಕರೆದುಕೊಂಡು ಹೋದೆ. ತಣ್ಣನೆಯ ಎಸಿ, ಗಾಜಿನ ಟೇಬಲ್ಲು. ಮಾವ ನೀರುದೋಸೆ ತರಿಸಿ, ಒಂದು ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿದರು. ನಾವು ಬಂದ ಸುದ್ದಿ ತಿಳಿದು ಶೀನಣ್ಣ ಅಡುಗೆಮನೆಯಿಂದ ಓಡಿ ಬಂದರು. ಮಾವ ಎಂಜಲು ಕೈಯಲ್ಲೇ ಎದ್ದು ನಿಂತರು.

"ಶೀನಣ್ಣ, ನನ್ನ ಹೋಟೆಲು ನಿಂತದ್ದು ನಿಮ್ಮ ಕೈಯಿಂದ. ನಾನು ಅದನ್ನು ನಿಮಗೆ ಹೇಳಲಿಲ್ಲ. ವಾಪಸ್ ಬನ್ನಿ."

ಹೇಳಿಯೇಬಿಟ್ಟರು! ಯಾವ ಮ್ಯಾನೇಜರೂ ನನ್ನ ತರಗತಿಯಲ್ಲಿ ಅಷ್ಟು ನೇರವಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ.

ಶೀನಣ್ಣನ ಕಣ್ಣು ತುಂಬಿತು. "ಇದನ್ನು ಅವತ್ತು ಹೇಳಿದ್ರೆ ನಾನು ಹೋಗ್ತಲೇ ಇರ್ಲಿಲ್ಲ ಧಣಿ. ನೀವು ಬೇಡ ಅಂದ್ರೆ ಸಾಕಿತ್ತು. ಅದಕ್ಕೇ ಕೇಳ್ಲಿಕ್ಕೆ ಬಂದದ್ದು." ಕಣ್ಣು ಒರೆಸಿಕೊಂಡು ಹೇಳಿದರು, "ಈಗ ಆಗುದಿಲ್ಲ. ಇವರಿಗೆ ಮಾತು ಕೊಟ್ಟಿದ್ದೇನೆ, ಮನೆಯೂ ಇಲ್ಲೇ ಹತ್ತಿರ ಮಾಡಿದ್ದೇನೆ. ಇಲ್ಲಿಯ ಧಣಿ ಸಣ್ಣ ಪ್ರಾಯದವ, ಇಲ್ಲೇ ಹುಟ್ಟಿದ್ದು. ದಿನಾ ಬೆಳಿಗ್ಗೆ ಒಳಗೆ ಬಂದು 'ಶೀನಣ್ಣ, ಚಟ್ನಿ ಏಕ್‌ದಮ್ ಚೆನ್ನಾಗಿ ಇದ್ದಾನೆ' ಅಂತಾನೆ. ಕನ್ನಡ ಸರಿ ಬರುದಿಲ್ಲ ಅವನಿಗೆ. ಆದ್ರೆ ಹೇಳ್ತಾನೆ."

ಮಾವ ಮೆಲ್ಲನೆ ಕುಳಿತು ಉಳಿದ ದೋಸೆಯನ್ನು ಪೂರ್ತಿ ತಿಂದರು.

ಬೊರಿವಲಿಗೆ ವಾಪಸಾಗುವ ಲೋಕಲಿನಲ್ಲಿ ಅಪರೂಪಕ್ಕೆ ಕಿಟಕಿಯ ಸೀಟು ಸಿಕ್ಕಿತು. ಮಾವ ಹೊರಗೆ ನೋಡುತ್ತ ಕುಳಿತಿದ್ದರು. ಗೋರೆಗಾಂವ್ ದಾಟಿದ ಮೇಲೆ ಒಮ್ಮೆಲೇ ಮಾತಾಡಿದರು.

"ನಾನು ಊರಿಂದ ಬಂದವನು ಮೊದಲು ಫೋರ್ಟ್ ಏರಿಯಾದ ಒಂದು ಹೋಟೆಲಲ್ಲಿ ಕಪ್ಪು ಬಸಿ ತೊಳೆಯುತ್ತಿದ್ದೆ ಮಾರಾಯ್ತಿ. ಅಲ್ಲಿಯ ಧಣಿ ನನ್ನ ಹತ್ತಿರ ಮಾತೇ ಆಡ್ತಿರಲಿಲ್ಲ. ನಾನು ಕೆಲಸ ಬಿಡುವ ದಿನ ಕಾಲಿಗೆ ಬಿದ್ದೆ. ಆಗಲೂ ಗೋಡೆ ನೋಡ್ತಾ ನಿಂತಿದ್ರು. ಕಲ್ಲು ಮನುಷ್ಯ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ."

ಮಾವ ನನ್ನ ಕಡೆ ತಿರುಗಿದರು. ಆ ಮುಖದಲ್ಲಿ ಊರಿಂದ ಆಗಷ್ಟೇ ಬಂದಿಳಿದವನ ದಿಗಿಲಿತ್ತು.

"ಅವರಿಗೂ ನನಗೆ ಹೇಳ್ಲಿಕ್ಕೆ ಏನೋ ಇತ್ತು, ಅಲ್ವಾ?"

ಆ ಧಣಿಯನ್ನು ನಾನು ಕಂಡವಳಲ್ಲ. ಅವರ ಹೆಸರೂ ನನಗೆ ಗೊತ್ತಿಲ್ಲ.

"ಇತ್ತು ಮಾವ," ಎಂದೆ. "ಖಂಡಿತ ಇತ್ತು."