ಅಪಘಾತರಹಿತ ಸಾವಿರ ದಿನಗಳು

ಸರ್ಕ್ಯುಲರ್ ಹೊರಡಿಸುವವರು ಹುಟ್ಟಿ, ಅದನ್ನು ಓದುವವರು ಇನ್ನೂ ಹುಟ್ಟಿರದಿದ್ದ ಕಾಲದಲ್ಲಿ ಕ್ಷೇಮಾವತಿ ಎಂಬ ರಾಜ್ಯವೊಂದಿತ್ತು. ಅದು ನಮ್ಮ ರಾಜ್ಯವಲ್ಲ. ಓದುಗರಲ್ಲಿ ಯಾರಿಗಾದರೂ ತಮ್ಮ ಆಫೀಸು ನೆನಪಾದರೆ ಅದು ಆಫೀಸಿನ ತಪ್ಪು, ನನ್ನದಲ್ಲ.

ಆ ರಾಜ್ಯವನ್ನಾಳುತ್ತಿದ್ದ ನಿರ್ವಿಘ್ನವರ್ಮ ಮಹಾರಾಜರಿಗೆ ಸಮತೆಯೆಂದರೆ ಪ್ರಾಣ. ಪ್ರಜೆಗಳ ನಡುವಿನ ಸಮತೆಯಲ್ಲ, ಗೋಡೆಯ ಮೇಲಿನ ಸಮತೆ. ಎಡಕ್ಕೊಂದು ಕಂಬವಿದ್ದರೆ ಬಲಕ್ಕೂ ಅಂಥದೇ ಕಂಬವಿರಬೇಕು. ತಮ್ಮ ಐವತ್ತನೆಯ ವರ್ಧಂತಿಗೆ ಅವರು ಅರಮನೆಯ ಅನ್ನಛತ್ರಕ್ಕೆ ಎರಡು ಹಿತ್ತಾಳೆ ನಲ್ಲಿಗಳನ್ನು ದಯಪಾಲಿಸಿದರು. ಎರಡಕ್ಕೂ ರಾಜಲಾಂಛನವಾದ ಸಿಂಹದ ಮುಖ, ಅದೇ ಮೀಸೆ, ಅದೇ ತೆರೆದ ಬಾಯಿ. ಒಂದರಲ್ಲಿ ತಣ್ಣೀರು ಬರುತ್ತಿತ್ತು. ಇನ್ನೊಂದರಲ್ಲಿ ಹಂಡೆಯಿಂದ ನೇರವಾಗಿ ಕುದಿಯುವ ನೀರು ಬರುತ್ತಿತ್ತು.

ದಿನಕ್ಕೆ ಎರಡು ಸಾವಿರ ಜನಕ್ಕೆ ಬೇಯಿಸಿಹಾಕುವ ಹೆಂಗಸರು ಮೊದಲ ವಾರದಲ್ಲೇ ನಾಲ್ಕು ಸಲ ಕೈ ಸುಟ್ಟುಕೊಂಡರು. ಆಮೇಲೆ ದ್ಯಾವೀರಮ್ಮ ಎಂಬ ಅಡುಗೆಯಾಕೆ ಒಂದಿಷ್ಟು ತೆಂಗಿನ ನಾರನ್ನು ಹುರಿಮಾಡಿ ಬಿಸಿನೀರಿನ ನಲ್ಲಿಯ ಕೊರಳಿಗೂ ತಿರುಪಿಗೂ ಸುತ್ತಿದಳು. ಹೊಗೆಯಲ್ಲಿ ಕಣ್ಣು ಬಿಡಲಾಗದಿದ್ದರೂ ಬೆರಳಿಗೆ ನಾರು ತಾಗಿದರೆ ಸಾಕು, ಕೈ ತಾನಾಗಿ ಹಿಂದಕ್ಕೆ ಬರುತ್ತಿತ್ತು. ಹೊಸಬರಿಗೂ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಒಬ್ಬರ ಕೈಯೂ ಸುಡಲಿಲ್ಲ. ಈ ಸಾಧನೆಗೆ ಕಾರಣವೇನೆಂದು ಅರಮನೆಯಲ್ಲಿ ವಿಚಾರಿಸಲಾಗಿ, ಅದು ಸುರಕ್ಷತಾ ಮಂತ್ರಿ ಪ್ರಸನ್ನಮತಿಗಳ ದೂರದೃಷ್ಟಿ ಎಂದು ತಿಳಿದುಬಂತು.

ಪ್ರಸನ್ನಮತಿಗಳು ಅರಮನೆಯ ಹೆಬ್ಬಾಗಿಲಿಗೆ ‘ಅಪಘಾತರಹಿತ ದಿನಗಳು’ ಎಂಬ ಫಲಕ ಹಾಕಿಸಿ, ದಿನವೂ ಬೆಳಿಗ್ಗೆ ನಗಾರಿ ಬಾರಿಸಿ ಅಂಕಿ ಏರಿಸುತ್ತಿದ್ದರು. ಸಾವಿರ ಮುಟ್ಟಿದ ದಿನ ಎಂಟು ದೇಶದ ಅರಸರ ಮುಂದೆ ಮಹಾರಾಜರಿಗೆ ‘ಸುರಕ್ಷತಾ ಸಾರ್ವಭೌಮ’ ಬಿರುದು ಕೊಡುವುದೆಂದು ನಿಶ್ಚಯವಾಯಿತು. ಅದರ ತಯಾರಿಗಾಗಿ ಒಂಬೈನೂರ ತೊಂಬತ್ತನೆಯ ದಿನ ಮಂತ್ರಿಗಳು ಅನ್ನಛತ್ರದ ತಪಾಸಣೆಗೆ ಬಂದರು.

“ಇದೇನಿದು?” ಅವರು ಹೌಹಾರಿದರು. “ರಾಜಲಾಂಛನದ ಕೊರಳಿಗೆ ಕುಣಿಕೆಯೇ?”

“ಕುಣಿಕೆ ಅಲ್ಲ ಬುದ್ದಿ,” ಎಂದಳು ದ್ಯಾವೀರಮ್ಮ. “ಇದು ಬಿಸೀದು ಅಂತ ಗೊತ್ತಾಗ್ಲಿ ಅಂತ ಕಟ್ಟಿವ್ನಿ. ಎಲ್ಡೂ ಒಂದೇ ತರ ಅವೆ, ಗಡಿಬಿಡೀಲಿ ಕೈ ತಪ್ತದೆ.”

“ಎಚ್ಚರದಿಂದ ಇರುವವರ ಕೈ ಏಕೆ ತಪ್ಪೀತು?”

“ಎಲ್ಡು ಸಾವಿರ ಜನಕ್ಕೆ ಬೇಯ್ಸೋವಾಗ ಎಷ್ಟೊತ್ತು ಅಂತ ಎಚ್ಚರವಾಗಿರಾದು ಬುದ್ದಿ? ಮನುಷ್ಯರ ಕೈ ಅಂದ್ಮೇಲೆ ತಪ್ತದೆ. ತಪ್ಪಿದ್ರೂ ಸುಡದಂಗೆ ನಾವು ಮಾಡಿಕ್ಕಬೇಕು.”

ಸುರಕ್ಷತಾ ಶಾಸ್ತ್ರದ ಪಂಡಿತರು ಹತ್ತು ಸಂಪುಟಗಳಲ್ಲಿ ಹೇಳುವುದನ್ನು ಆಕೆ ಒಲೆಯ ಮುಂದೆ ನಿಂತು ಹೇಳಿಬಿಟ್ಟಿದ್ದಳು. ಮಂತ್ರಿಗಳ ಕಚೇರಿಯಲ್ಲಿ ಆ ಹತ್ತೂ ಸಂಪುಟಗಳಿದ್ದವು. ಗಾಜಿನ ಬೀರುವಿನಲ್ಲಿದ್ದವು, ಬೀಗದ ಕೈ ಮಾತ್ರ ಎಲ್ಲೋ ಕಳೆದುಹೋಗಿತ್ತು.

ನಾರು ಕತ್ತರಿಸಲ್ಪಟ್ಟಿತು. ಅದರ ಬದಲಿಗೆ ಪ್ರತಿದಿನ ಮುಂಜಾನೆ ಅರ್ಧ ಗಂಟೆ ಪ್ರತಿಜ್ಞಾ ವಿಧಿ ಜಾರಿಗೆ ಬಂತು. ಹೆಂಗಸರು ಸಾಲಾಗಿ ನಿಂತು “ನನ್ನ ಕೈಗೆ ನಾನೇ ಹೊಣೆ” ಎಂದು ಮೂರು ಸಲ ಹೇಳಿ ಫೀಡ್‌ಬ್ಯಾಕ್ ಫಾರಂಗೆ ಹೆಬ್ಬೆಟ್ಟು ಒತ್ತಬೇಕು. ಊಟದ ಗಂಟೆ ಮಾತ್ರ ಮೊದಲಿನ ಹೊತ್ತಿಗೇ ಹೊಡೆಯುತ್ತಿತ್ತು, ಆದ್ದರಿಂದ ಆ ಅರ್ಧ ಗಂಟೆಯನ್ನು ಓಡಾಡಿಯೇ ತುಂಬಿಸಿಕೊಳ್ಳಬೇಕಾಯಿತು. ಗೋಡೆಗೆ ‘ಎಚ್ಚರ!’ ಎಂಬ ಹಲಗೆಗಳೂ ಬಂದವು. ಎರಡು ನಲ್ಲಿಗಳ ಮೇಲೂ ಒಂದೊಂದು, ಒಂದೇ ಬಣ್ಣದ್ದು, ಒಂದೇ ಅಳತೆಯದು.

ಒಂಬೈನೂರ ತೊಂಬತ್ತೊಂಬತ್ತನೆಯ ದಿನ. ಅತಿಥಿ ಅರಸರ ಪರಿವಾರವೆಲ್ಲ ಬಂದಿಳಿದು ಅಡುಗೆಮನೆ ಸಂತೆಯಾಗಿತ್ತು. ದ್ಯಾವೀರಮ್ಮ ಅಕ್ಕಿ ತೊಳೆಯಲು ತಣ್ಣೀರೆಂದು ತಿರುಪು ತಿರುಗಿಸಿದಳು. ಬಲಗೈ ಮೊಣಕೈವರೆಗೆ ಬೆಂದುಹೋಯಿತು.

ಕೈಗೆ ಬಾಳೆಲೆ ಸುತ್ತಿಕೊಂಡು ಆಕೆ ಅಪಘಾತದ ಪುಸ್ತಕ ಇಟ್ಟುಕೊಂಡಿದ್ದ ಕಡತಪಾಲ ರಾಚಪ್ಪಯ್ಯನ ಮುಂದೆ ಬಂದು ನಿಂತಳು. “ಬರ್ಕಳಿ ಸ್ವಾಮಿ. ನನ್ ಕೈ ಹೋಗಿದ್ದು ಹೋಯ್ತು. ಪುಸ್ತಕದಲ್ಲಿ ಒಂದು ಸಾಲು ಬಿದ್ರೆ ಆ ನಲ್ಲಿ ಬದಲಾಯಿಸ್ತಾರೆ, ಇನ್ನೊಬ್ಳು ಸುಟ್ಕಳಾದು ತಪ್ತದೆ.”

ರಾಚಪ್ಪಯ್ಯ ಲೇಖನಿಯನ್ನು ಮಸಿಯಲ್ಲಿ ಅದ್ದಿದ. ಕಿಟಕಿಯಾಚೆ ಫಲಕ ಕಂಡಿತು. ಲೇಖನಿ ಅಲ್ಲೇ ಬಿಟ್ಟು ಮಂತ್ರಿಗಳ ಬಳಿಗೆ ಓಡಿದ, ಮಂತ್ರಿಗಳು ಮಹಾರಾಜರ ಬಳಿಗೆ ಓಡಿದರು.

“ಮಹಾಪ್ರಭು, ಒಂದು ಸಾಲು ಬರೆದರೆ ಫಲಕ ಸೊನ್ನೆಗೆ ಇಳಿಯುತ್ತದೆ.”

“ಎಂಟು ದೇಶದ ಅರಸರನ್ನು ಸೊನ್ನೆ ತೋರಿಸಲು ಕರೆಸಿದ್ದೇವೆಯೇ?” ಎಂದರು ಮಹಾರಾಜರು.

“ಚಿಂತೆ ಬೇಡ ಪ್ರಭು. ಅಪಘಾತವೆಂದರೆ ಕೆಲಸದಲ್ಲಿರುವವರಿಗೆ ಆಗುವ ಹಾನಿ. ಕೈ ಸುಡುವುದಕ್ಕೆ ಒಂದು ಗಳಿಗೆ ಮೊದಲೇ ಆಕೆಯನ್ನು ಕೆಲಸದಿಂದ ತೆಗೆದಿದ್ದೆವು ಎಂದು ಈಗ ಆಜ್ಞೆ ಹೊರಡಿಸಿದರೆ, ಸುಟ್ಟದ್ದು ಹೊರಗಿನವಳ ಕೈ.”

“ಹೊರಗಿನವಳಿಗೆ ನಮ್ಮ ಅಡುಗೆಮನೆಯಲ್ಲಿ ಏನು ಕೆಲಸ?”

“ಅತಿಕ್ರಮ ಪ್ರವೇಶ, ಪ್ರಭು.”

“ತಮ್ಮಂಥ ಮಂತ್ರಿ ದೇವೇಂದ್ರನಿಗೂ ಇಲ್ಲ!” ಎಂದು ಮಹಾರಾಜರು ಸಿಂಹಾಸನದಿಂದಿಳಿದು ಅವರನ್ನು ಅಪ್ಪಿಕೊಂಡರು.

ಈ ಕಥೆಯನ್ನು ಕೊನೆಯವರೆಗೂ ನಗುತ್ತಲೇ ಹೇಳಬೇಕೆಂದುಕೊಂಡಿದ್ದೆ. ಇಲ್ಲಿ ನನಗೆ ನಗು ಬರುವುದಿಲ್ಲ, ಸಿಟ್ಟು ಬರುತ್ತದೆ. ಊರಿಗೆಲ್ಲ ಅನ್ನವಿಕ್ಕಿದ ಕೈ ಅದು. ಆಕೆ ಕೇಳಿದ್ದು ಒಂದು ಸಾಲು.

ಮರುದಿನ ಬಿರುದು ಪ್ರದಾನವಾಯಿತು. ಹರ್ಷದ ಭರದಲ್ಲಿ ಮಹಾರಾಜರು, ಇಂಥ ಸುರಕ್ಷತೆ ಅರಮನೆಗಷ್ಟೇ ಸೀಮಿತವಾಗಬಾರದೆಂದು, ರಾಜ್ಯದ ಎಲ್ಲ ಛತ್ರ, ಶಾಲೆ, ಹೆರಿಗೆಮನೆಗಳಿಗೂ ಸಿಂಹಮುಖದ ಜೋಡಿ ನಲ್ಲಿಗಳನ್ನು ಘೋಷಿಸಿದರು. ಕೆಲಸ ಬೇಗ ಮುಗಿಸುವ ಟಾರ್ಗೆಟ್ ಇದ್ದುದರಿಂದ ಬಿಸಿನೀರು ಒಂದು ಕಡೆ ಎಡದ ಸಿಂಹಕ್ಕೆ ಬಂತು, ಇನ್ನೊಂದು ಕಡೆ ಬಲದ ಸಿಂಹಕ್ಕೆ.

ಪೇಟೆಯ ಹೆರಿಗೆಮನೆಯಲ್ಲಿ ಮೊದಲ ಜೋಡಿ ಕೂರಿಸಿದ ದಿನದಿಂದ ದ್ಯಾವೀರಮ್ಮ ಅಲ್ಲಿನ ಬಚ್ಚಲಮನೆಯ ಬಾಗಿಲಲ್ಲಿ ಕೂತಳು. ಕೂಸಿಗೆ ನೀರು ಹಾಕಲು ಬಂದವರಿಗೆಲ್ಲ ಒಂದೇ ಮಾತು: “ಇಲ್ಲಿ ಬಲಗಡೇದು ಬಿಸಿ ಕಣವ್ವಾ, ನೋಡ್ಕೊ.” ಎರಡು ತಿಂಗಳು ಅಲ್ಲಿ ಯಾರೂ ಸುಟ್ಟುಕೊಳ್ಳಲಿಲ್ಲ. ಮೂರನೆಯ ತಿಂಗಳು ರಾಜಭಟರು ಬಂದು ಆಕೆಯನ್ನು ಹಿಡಿದುಕೊಂಡು ಹೋದರು. ಸುರಕ್ಷಿತವೆಂದು ಘೋಷಿಸಲಾದ ರಾಜ್ಯದಲ್ಲಿ ಅಪಾಯವಿದೆಯೆಂದು ವದಂತಿ ಹಬ್ಬಿಸಿದ್ದು ಆಪಾದನೆ.

ಈಗ ಆ ಬಾಗಿಲಲ್ಲಿ ಯಾರೂ ಇಲ್ಲ. ಬಾಣಂತಿಯರು ಕೂಸನ್ನು ಎಡಗೈಯಲ್ಲಿ ಅವುಚಿಕೊಂಡು, ಮೊದಲು ತಮ್ಮ ಬಲಗೈಯನ್ನು ಸಿಂಹದ ಬಾಯಿಗೆ ಒಡ್ಡಿ ನೋಡುತ್ತಾರೆ.