ಚಿಕ್ಕಮ್ಮನ ಬೈಗುಳಕ್ಕೆ ಬೀಗ ಬಿದ್ದ ಟೋಕನ್ನುಗಳು

ನಮ್ಮ ಚಿಕ್ಕಪ್ಪ ಹೆಂಡತಿಯ ಬೈಗುಳಕ್ಕೂ ಠೇವಣಿ ಇಟ್ಟಿದ್ದ ಮನುಷ್ಯ! ನನ್ನ ನೆನಪನ್ನು ನಾನೇ ಅಷ್ಟಾಗಿ ನಂಬುವುದಿಲ್ಲ. ಆದರೆ ಇದಕ್ಕೆ ಅಜ್ಜಂಪುರದ ಅವರ ಬೀದಿಯೆಲ್ಲ ಸಾಕ್ಷಿ.

ಅವರ ಮನೆಯ ಜಗಳವೆಲ್ಲ ಚಿಕ್ಕಮ್ಮನ "ನಾನ್ಯಾವಾಗ ಹಂಗಂದೆ?" ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು. ಬೇರೆ ಯಾರೂ ತಿದ್ದಲಾಗದ ಸಾಕ್ಷ್ಯ ಬೇಕೆನಿಸಿ ಚಿಕ್ಕಪ್ಪ, ಕಡೂರಿನಲ್ಲಿ ಕೊಬ್ಬರಿ ಮಾರಿದ ದುಡ್ಡಿಗೆ ಟೋಕನ್ ಎಂಬ ಡಿಜಿಟಲ್ ನಾಣ್ಯ ಕೊಂಡು, ಬೈಗುಳಗಳನ್ನು ಮೊಬೈಲಿನಲ್ಲಿ ಹಿಡಿದು ಬ್ಲಾಕ್‌ಚೈನ್ ಎಂಬ ಆನ್‌ಲೈನ್ ದಾಖಲೆ ಪುಸ್ತಕಕ್ಕೆ ಏರಿಸತೊಡಗಿದರು. ಮೊದಲ ಸಾಕ್ಷ್ಯ ಕೇಳಿಸಿದಾಗ ಚಿಕ್ಕಮ್ಮನ ತೀರ್ಪು: "ಇದ್ಯಾರೋ ಗಂಟಲು ಕಟ್ಟಿದೋಳು, ನಾನಲ್ಲ!"

ಅಲ್ಲೊಂದು ನಿಯಮ. ಖಾತೆಯಲ್ಲಿ ಇಟ್ಟದ್ದು ಎಷ್ಟು ಜಾಗ ಹಿಡಿಯುತ್ತದೋ ಅದಕ್ಕೆ ತಕ್ಕಷ್ಟು ಟೋಕನ್ನಿಗೆ ಬೀಗ. ಬ್ಯಾಲೆನ್ಸಿನಲ್ಲಿ ಕಾಣುತ್ತದೆ, ಕೈಗೆ ಸಿಗುವುದಿಲ್ಲ. ಇಟ್ಟವರೇ ಅದನ್ನು ಅಳಿಸಿದರೆ ಟೋಕನ್ನಿಗೆ ಬಿಡುಗಡೆ.

"ಅಟ್ಟಕ್ಕೆ ಕೊಬ್ಬರಿ ಹಾಕ್ದಂಗೆ ಕಣೋ. ಕಾಯಿ ಇಳ್ಸೋವರ್ಗೂ ಅಟ್ಟ ನಮ್ದಾದ್ರೂ ನಮ್ದಲ್ಲ," ಎಂದರು ಚಿಕ್ಕಪ್ಪ.

"ನಿಮ್ ತಲೇಲಿ ಮಾತ್ರ ಬೇಕಾದಷ್ಟು ಜಾಗ ಖಾಲಿ ಐತೆ!" ಎಂದು ಚಿಕ್ಕಮ್ಮ ಒಳಗಿನಿಂದಲೇ ಕೂಗಿದರು. ಅದೂ ಏರಿತು, ಇನ್ನಷ್ಟು ಟೋಕನ್ ಬೀಗದೊಳಕ್ಕೆ!

ಈಚೆಗೆ ಚಿಕ್ಕಪ್ಪನ ಕಿವಿ ಮಂದವಾಯಿತು. ತರೀಕೆರೆಯ ಡಾಕ್ಟರು ಕಿವಿಗೆ ಮಿಷನ್ ಹಾಕಲೇಬೇಕು ಎಂದರು. ಟೋಕನ್ ಮಾರಿಯೇ ಕೊಳ್ಳುತ್ತೇನೆಂಬ ಹಟ ಚಿಕ್ಕಪ್ಪನದು. ಮಾರಲು ಹೋದರೆ ಎಲ್ಲಕ್ಕೂ ಬೀಗ! ಬೈಗುಳ ಕೇಳಿಸಬೇಕಾದರೆ ಬೈಗುಳ ಅಳಿಸಬೇಕು. ಇಂಥ ಪೇಚು ಯಾವ ಗಂಡನಿಗೆ ಬಂದೀತು?

ಒಂದೊಂದನ್ನೇ ಆಲಿಸಿ ಅವರಿಗೆ ಕೂಗಿ ಹೇಳುವ ಕೆಲಸ ನನಗೆ ಬಿತ್ತು.

"ಇದು ಕೆಸರುಗಾಲಲ್ಲಿ ಒಳಗೆ ಬಂದಿದ್ದಕ್ಕೆ."

"ಅಳ್ಸು."

"ಇದು ನಿಮ್ಮ ಗೊರಕೆಗೆ."

"ಅಳ್ಸು, ಅಳ್ಸು. ಶುದ್ಧ ಸುಳ್ಳದು!"

ಕೊನೆಗೆ ಒಂದು ಉಳಿಯಿತು. ಮಿಷನ್ನಿಗೆ ಅದರ ಟೋಕನ್ನೂ ಬೇಕಿತ್ತು. "ಅದೊಂದು ಬ್ಯಾಡ, ಬಿಡು," ಎಂದು ಚಿಕ್ಕಪ್ಪ ಕೈ ಚಾಚುವಷ್ಟರಲ್ಲಿ ಫೋನು ಮಾತಾಡಿಬಿಟ್ಟಿತು. ಚಿಕ್ಕಮ್ಮನದೇ ದನಿ: "ಹೇಳ್ದೆ ಕೇಳ್ದೆ ಎಲ್ಲಿಗ್ ಹೋಗಿದ್ರಿ? ನೀವ್ ಬರೋವರ್ಗೂ ಗಂಟ್ಲಲ್ಲಿ ನೀರು ಇಳೀಲಿಲ್ಲ ಕಣ್ರೀ..." ಆಮೇಲೆ ಕೇಳಿದ್ದು ಬಿಕ್ಕೋ, ಫೋನಿನ ಗರಗರವೋ, ಖಂಡಿತವಾಗಿ ಹೇಳಲಾರೆ.

ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮ ಬಂದು ಚಿಕ್ಕಪ್ಪನ ಪಕ್ಕ ಕೂತರು. ಕಿವಿಗೆ ಬಾಯಿಟ್ಟು ಕೂಗಿದರು: "ಅಳ್ಸಿ, ಮಿಷನ್ ಹಾಕ್ಕಳ್ರೀ! ಅದನ್ನೇ ಇನ್ನೊಂದ್ಸಲ ಹೇಳ್ತೀನಿ. ಬೇಕಾದ್ರೆ ದಿನಾ ಹೇಳ್ತೀನಿ!"

ಚಿಕ್ಕಪ್ಪ ಅವರ ಮುಖವನ್ನೇ ನೋಡುತ್ತ ಬೆರಳು ಒತ್ತಿ ಅಳಿಸಿದರು. ಆಮೇಲೆ, ಅಷ್ಟಿಷ್ಟು ಕೇಳುವ ಎಡಗಿವಿಯನ್ನು ಹೆಂಡತಿಯ ಕಡೆ ತಿರುಗಿಸಿ, "ಮಿಷನ್ ಬರೋವರ್ಗೂ ಕಾಯಕ್ಕಾಗಲ್ಲ. ಈಗ್ಲೇ ಹೇಳು," ಎಂದರು.