ಚಿಕ್ಕಪ್ಪನ ಹಿಮಾಲಯ ಮತ್ತು ಒಂದು ಪೊಟ್ಟಣ

ನಮ್ಮ ಚಿಕ್ಕಪ್ಪನಿಗೆ ತಲೆ ಕೆಟ್ಟಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಓದುತ್ತಾ ಹೋದರೆ ನಿಮಗೆ ಅನುಮಾನ ಬಂದೇ ಬರುತ್ತದೆ. ನನಗೇ ಬಂದಿತ್ತು!

ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ಅವರಿಗೆ ‘ಬೂಟು ಸಾಹೇಬ್ರು’ ಎಂದೇ ಹೆಸರು. ಸರ್ಕಾರಿ ಕಚೇರಿಗೆ ಗುಮಾಸ್ತರಾಗಿ ಸೇರಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಈಗಲೂ ಬೆಳಗ್ಗೆ ಬೂಟಿಗೆ ಪಾಲಿಶ್ ಹಾಕದೆ ಕಾಫಿ ಮುಟ್ಟುವುದಿಲ್ಲ. ಮೂಲೆ ಅಂಗಡಿಯಿಂದ ಎರಡು ಕಟ್ಟು ಕೊತ್ತಂಬರಿ ಸೊಪ್ಪು ತರಲಿಕ್ಕೂ ಲೇಸು ಬಿಗಿದ ಬೂಟು! ಒಂದು ಸಲ ಮಳೆ ಹೊಡೆದು ಬೀದಿಯಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಎಲ್ಲರೂ ಚಪ್ಪಲಿ ಕೈಯಲ್ಲಿ ಹಿಡಿದು ದಾಟುತ್ತಿದ್ದರೆ ಇವರೊಬ್ಬರು ಪಾಲಿಶ್ ಬೂಟಿನಲ್ಲೇ ನೀರೊಳಗೆ ಗಂಭೀರವಾಗಿ ನಡೆದು ಬಂದರು.

“ಬಿಚ್ಚಿ ಕೈಲಿ ಹಿಡ್ಕೊಂಡ್ ಬರಬಾರ್ದಿತ್ತೇನ್ರೀ?” ಎಂದು ಚಿಕ್ಕಮ್ಮ ಬಾಗಿಲಿಂದಲೇ ಕೂಗಿದರು.

“ಬೂಟು ಇರೋದು ಕಾಲಿಗೆ ಕಣೇ” ಎಂದರು ಚಿಕ್ಕಪ್ಪ. ಇಂಥವರ ಜೊತೆ ಯಾರು ವಾದ ಮಾಡುತ್ತಾರೆ ಹೇಳಿ?

ಈ ಚಿಕ್ಕಪ್ಪ ಒಂದು ಭಾನುವಾರ ಮುದ್ದೆ ಮುರಿಯುತ್ತಾ, “ಹಿಮಾಲಯ ಹತ್ತೋಕೆ ಹೆಸ್ರು ಕೊಟ್ಟಿದೀನಿ” ಎಂದುಬಿಟ್ಟರು. ಆರು ಸಾವಿರ ಮೀಟರ್ ದಾಟಿದ ಬೆಟ್ಟವಂತೆ. ಹಗ್ಗ, ಗುಡಾರ, ಗೈಡು ಎಲ್ಲಾ ಕರೆದುಕೊಂಡು ಹೋಗುವ ಕಂಪನಿಯವರದ್ದೇ ಅಂತೆ. ಸಾರು ಬಡಿಸುತ್ತಿದ್ದ ಚಿಕ್ಕಮ್ಮನ ಸೌಟು ಗಾಳಿಯಲ್ಲೇ ನಿಂತಿತು.

“ಅಟ್ಟದ ಮೇಲಿಂದ ಒಂದು ಪಾತ್ರೆ ಇಳಿಸ್ಕೊಡಿ ಅಂದ್ರೆ ತಲೆ ಸುತ್ತುತ್ತೆ ಅಂತೀರಲ್ರೀ!”

“ಅಟ್ಟಕ್ಕೆ ಗೈಡ್ ಇಲ್ವಲ್ಲ!”

ಯಾಕೆ ಹೋಗುತ್ತಾರೆ? ಕೇಳಿದರೆ “ಸ್ವಲ್ಪ ಕೆಲ್ಸ ಇದೆ” ಎನ್ನುತ್ತಾರೆ. ಹಿಮಾಲಯದಲ್ಲಿ ಏನು ಕೆಲಸ? ಅಲ್ಲೇನು ಇವರ ಕಡತ ಬಾಕಿ ಇದೆಯೇ? ಸನ್ಯಾಸ ತಗೊಳ್ಳುತ್ತಾರೆ ಎಂದು ಚಿಕ್ಕಮ್ಮ ಗುಟ್ಟಾಗಿ ಕಣ್ಣೀರು ಹಾಕಿದರು. ಕೆಲಸವಿಲ್ಲದೆ ಮಂಕು ಹಿಡಿದಿದೆ ಎಂದರು ನಮ್ಮಪ್ಪ. ಚುನಾವಣೆಗೆ ನಿಲ್ಲುವ ಮುಂಚೆ ಫೋಟೊ ಬೇಕಿರಬಹುದು ಎಂದರು ಎದುರುಮನೆಯವರು. ನನಗಂತೂ ಮೂರೂ ನಿಜವೆನಿಸಿ ಇನ್ನಷ್ಟು ಗೊಂದಲವಾಯಿತು.

ಅಭ್ಯಾಸ ಶುರುವಾದದ್ದು ಬಸವನಗುಡಿಯ ಕಹಳೆ ಬಂಡೆಯ ಮೇಲೆ. ದಪ್ಪ ಬೂಟು ಹಾಕಿ, ಬೆನ್ನಿನ ಚೀಲದಲ್ಲಿ ಹತ್ತು ಕೆಜಿ ಅಕ್ಕಿಹಿಟ್ಟು ಹೊತ್ತು, ದಿನಾ ಹತ್ತು ಸಲ ಹತ್ತಿ ಇಳಿಯುವುದು. “ಏನ್ ಸಾರ್, ಮನೆ ಬಿಟ್ ಬಂದ್ಬಿಟ್ರಾ?” ಎಂದು ವಾಕಿಂಗಿನವರು ಕೇಳುತ್ತಿದ್ದರು. ಒಂದು ದಿನ ಹಿಟ್ಟಿನ ಪೊಟ್ಟಣ ಒಡೆದು ಚಿಕ್ಕಪ್ಪ, ಬಂಡೆ, ಪಕ್ಕದಲ್ಲಿ ಮಲಗಿದ್ದ ನಾಯಿ, ಎಲ್ಲಾ ಬೆಳ್ಳಗಾದವು. ಮನೆಗೆ ಬಂದವರು ಮುಖ ಒರೆಸಿಕೊಳ್ಳುತ್ತಾ, “ಹಿಮದ ಅಭ್ಯಾಸಾನೂ ಆಯ್ತು ಬಿಡು” ಎಂದರು.

ಕೊನೆಗೆ ಮನೆಯವರೆಲ್ಲ ಸೇರಿ ಅವರ ಕಾವಲಿಗೆ ನನ್ನನ್ನು ಕಳಿಸಿದರು. ಬ್ಯಾಂಕಿನಲ್ಲಿ ನನ್ನ ರಜೆ ಬಾಕಿ ಇತ್ತು, ನಾನು ಮಾಡಿದ ಅಪರಾಧ ಅದೊಂದೇ. ನನ್ನ ಮೊಣಕಾಲಿನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ!

ಬೆಟ್ಟದ ಬುಡದಲ್ಲಿ ಗೈಡು ಎಲ್ಲರ ಚೀಲ ತೂಗಿದ. ಆ ಕಡೆಯವನೇ, ಮಿತಭಾಷಿ. ಚಿಕ್ಕಪ್ಪನ ಚೀಲ ಭಾರವಾಯಿತು, ಏನಾದರೂ ತೆಗೆಯಿರಿ ಎಂದ. ಚಿಕ್ಕಪ್ಪ ಚಿಕ್ಕಮ್ಮನ ಚಟ್ನಿಪುಡಿ ತೆಗೆದರು. ಸಾಲದು ಎಂದ. ಕೋಡುಬಳೆ ಡಬ್ಬಿ ತೆಗೆದರು. ಇನ್ನೂ ಸಾಲದು. ಸ್ವೆಟರನ್ನೇ ತೆಗೆದರು! ತಳದಲ್ಲಿದ್ದ ಪೇಪರು ಸುತ್ತಿದ ಪೊಟ್ಟಣವನ್ನು ಮಾತ್ರ ಮುಟ್ಟಲಿಲ್ಲ. ಗೈಡು ಅದನ್ನು ಬಿಚ್ಚಿದ. ಒಳಗೆ ಒಂದು ಜೊತೆ ಹಳೇ ತೊಗಲಿನ ಚಪ್ಪಲಿ. ಹಿಮದ ಬೆಟ್ಟಕ್ಕೆ ಚಪ್ಪಲಿ! ಗೈಡು ನನ್ನ ಮುಖ ನೋಡಿದ, ನಾನು ಚಿಕ್ಕಪ್ಪನ ಮುಖ ನೋಡಿದೆ. ತೊಗಲು ಕರಿದ ಹಪ್ಪಳದ ಹಾಗೆ ಸೆಟೆದಿತ್ತು, ಆದರೆ ಅಟ್ಟೆ ಮಾತ್ರ ಸವೆದೇ ಇರಲಿಲ್ಲ.

“ಚಿಕ್ಕಪ್ಪಾ, ಯಾರದ್ದಿದು?”

“ಸುಮ್ನೆ ಕಟ್ಟಮ್ಮ. ಇದು ಬರುತ್ತೆ, ಸ್ವೆಟರ್ ಬೇಕಾದ್ರೆ ಇರ್ಲಿ.”

ಸ್ವೆಟರನ್ನು ನಾನು ಹೊತ್ತೆ.

ಆಮೇಲಿನ ದಿನಗಳ ಬಗ್ಗೆ ಏನು ಹೇಳಲಿ? ಎರಡು ಹೆಜ್ಜೆಗೊಮ್ಮೆ ನಾನು ಮನೆದೇವರನ್ನು ಕರೆಯುತ್ತಿದ್ದೆ. ಚಿಕ್ಕಪ್ಪ ಮಾತ್ರ ತುಟಿ ಪಿಟಕ್ಕೆನ್ನದೆ ಹತ್ತಿದರು. ಕೊನೆಯ ದಿನ, ತುದಿಗೆ ಇನ್ನು ಎರಡೇ ಗಂಟೆ ದಾರಿ ಇದೆ ಎನ್ನುವಾಗ ಅವರ ಕಾಲು ತಡವರಿಸಿತು. ಗೈಡು ಅವರ ಬೆರಳಿಗೆ ಆಮ್ಲಜನಕ ಅಳೆಯುವ ಪುಟ್ಟ ಯಂತ್ರ ಸಿಕ್ಕಿಸಿ ನೋಡಿ, ತಲೆಯಾಡಿಸಿದ. “ಅಂಕಲ್‌ಜೀ, ಇಲ್ಲಿಗೆ ಸಾಕು. ಇಳಿಯಲೇಬೇಕು.”

ಚಿಕ್ಕಪ್ಪ ಹಿಮದ ಮೇಲೆ ಕುಸಿದು ಕೂತರು. ಸಣ್ಣ ಮಗುವಿನ ಹಾಗೆ ಅತ್ತರು. ಅವರು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು. ಚೀಲದಿಂದ ಪೊಟ್ಟಣ ತೆಗೆದು ಮಡಿಲಲ್ಲಿಟ್ಟುಕೊಂಡರು.

“ನಿಮ್ ತಾತಂದು. ನಮ್ಮೂರಲ್ಲಿ ಮೇಲಿನ ಬೀದಿ ಬಂತು ಅಂದ್ರೆ ನಮ್ ಜನ ಚಪ್ಪಲಿ ಹಾಕ್ಕೊಂಡ್ ನಡೆಯೋ ಹಾಗಿರ್ಲಿಲ್ಲ. ಅಪ್ಪ ಬಿಚ್ಚಿ ಕಂಕುಳಲ್ಲಿ ಇಟ್ಕೊಂಡು, ತಲೆ ತಗ್ಸಿ ಹೋಗ್ತಿದ್ದ. ಕಾಲಲ್ಲಿ ಇದ್ದಿದ್ದಕ್ಕಿಂತ ಕಂಕುಳಲ್ಲಿ ಇದ್ದಿದ್ದೇ ಜಾಸ್ತಿ. ಸವೆಯೋದ್ ಹೇಗಮ್ಮ? ಆ ಮೇಲಿನ ಬೀದಿಗಳಿಗಿಂತ್ಲೂ ಎತ್ತರದ ಒಂದು ಜಾಗಕ್ಕೆ ಇದನ್ನ ತರ್ಬೇಕು ಅಂತಿದ್ದೆ. ಆಗ್ಲಿಲ್ಲ ನೋಡು.”

ನಾನು ಹರುಕುಮುರುಕು ಹಿಂದಿಯಲ್ಲಿ ಇದನ್ನೆಲ್ಲ ಗೈಡಿಗೆ ಹೇಳಿದೆ. ಅವನು ಕೈ ಚಾಚಿ, “ನನ್ನ ಕೈಗೆ ಕೊಡಿ ಅಂಕಲ್‌ಜೀ, ತುದಿಯಲ್ಲಿ ಇಟ್ಟು ಬರುತ್ತೇನೆ” ಎಂದ.

ಚಿಕ್ಕಪ್ಪ ಕಣ್ಣೊರೆಸಿಕೊಂಡರು. “ಬೇಡಪ್ಪ. ಕೈಲಿ ಹೋಗಿದ್ದು ಸಾಕು.”

ಎಂದವರೇ ಬೂಟಿನ ಲೇಸು ಬಿಚ್ಚತೊಡಗಿದರು! ಗೈಡು ಹೌಹಾರಿದ. ಕಾಲು ಮರಗಟ್ಟುತ್ತದೆ ಎಂದ, ಬೈದ, ಕೈ ಮುಗಿದ. ಕೇಳುವವರು ಯಾರು? ಕೊನೆಗೆ “ಒಂದೇ ನಿಮಿಷ” ಎಂದು ಅವನೇ ಎರಡೂ ಬೂಟು ಎಳೆದ. ತಾತನ ಚಪ್ಪಲಿ ಚಿಕ್ಕದು, ದಪ್ಪ ಕಾಲುಚೀಲ ಹೆಬ್ಬೆರಳಿನ ಬಾರಿನೊಳಗೆ ತೂರದು. ನಾನು ಹಿಮದಲ್ಲಿ ಮಂಡಿಯೂರಿ, ತಳ್ಳಿ ತಳ್ಳಿ ಕೂರಿಸಿದೆ. ಹಿಮ್ಮಡಿ ಹೊರಗೇ ಉಳಿಯಿತು.

ಚಿಕ್ಕಪ್ಪ ಎದ್ದರು. ಗೈಡಿನ ಭುಜ ಹಿಡಿದು, ತಲೆಯೆತ್ತಿ ಎಂಟು ಹೆಜ್ಜೆ ನಡೆದರು.

“ನಡಿ ಅಪ್ಪಾ” ಎಂದರು ಗಟ್ಟಿಯಾಗಿ. “ಇಲ್ಲಿ ಯಾರೂ ಏನೂ ಅನ್ನಲ್ಲ.”

ಮಾತೆಲ್ಲ ಕನ್ನಡ, ನೋಟ ಗೈಡಿನ ಕಡೆಗಲ್ಲ, ಯಾರೂ ಇಲ್ಲದ ಇನ್ನೊಂದು ಪಕ್ಕಕ್ಕೆ. ಗೈಡು ಗಾಬರಿಯಾಗಿ, ಹಿಂದೆಯೇ ಬಂದಿದ್ದ ನನ್ನ ಕಡೆ ತಿರುಗಿ, “ದೀದಿ, ಇವರ ತಲೆ ಸರಿ ಇದೆಯಾ?” ಎಂದು ಪಿಸುಗುಟ್ಟಿದ.

“ಇದೆ” ಎಂದೆ, ಬಿಕ್ಕುತ್ತಾ. ಅಷ್ಟರಲ್ಲಿ ಚಿಕ್ಕಪ್ಪ ತಿರುಗಿ ನೋಡಿದರು. ಅವರ ಬೂಟುಗಳು ಒದ್ದೆಯಾಗದಿರಲಿ ಎಂದು ನಾನು ಕಂಕುಳಲ್ಲಿ ಅವುಚಿಕೊಂಡು ನಿಂತಿದ್ದೆ.

“ಕೆಳಗಿಡಮ್ಮ ಅದನ್ನ” ಎಂದರು ಚಿಕ್ಕಪ್ಪ. “ಕಂಕುಳಲ್ಲಿ ಇಟ್ಕೊಳ್ಳೋದು ನಿಮ್ ತಾತನ ಕಾಲಕ್ಕೇ ಮುಗೀತು.”